ನಿಮಗಿದು ಗೊತ್ತೆ? ತರಗೆಲೆಯಡಿಯ ಅಪಾಯ

ಮಲೆನಾಡಿನ ಮಂಗನ ಕಾಯಿಲೆಗೆ ವೈದ್ಯಲೋಕದಲ್ಲಿರುವ ಹೆಸರು ಕ್ಯಾಸನೂರು ಕಾಡಿನ ಕಾಯಿಲೆ. 1957ರಲ್ಲಿ ಇದು ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಆ ಕಾಡಿನ ಆಸುಪಾಸಿನಲ್ಲಿ.

ಹೆಸರಿಗೆ ಮಂಗನ ಕಾಯಿಲೆಯಾದರೂ ಮನುಷ್ಯರಿಗೆ ಇದನ್ನು ಅಂಟಿಸುವುದು ಮಂಗವಲ್ಲ, ಉಣುಗು. ಪಾಪ, ಮಂಗಗಳೂ ಇದೇ ವೈರಸ್ಸಿನಿಂದ ಸಾಯುತ್ತವೆ. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು ಹೊಸ ಜೀವಿಗಾಗಿ ನೆಲದಲ್ಲಿ ಕಾಯುತ್ತವೆ. ಆದ್ದರಿಂದಲೇ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಒಬ್ಬರಿಂದ ಒಬ್ಬರಿಗೆ ಈ ರೋಗ ಹರಡದು. ರೋಗಿಯನ್ನು ದೂರವಿಡುವುದು ಅನ್ಯಾಯ.

ಉಣುಗಿನ ಮರಿಗಳು ಹೆಚ್ಚುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಕೊಟ್ಟಿಗೆಗೆ ತರಗೆಲೆ ಗುಡಿಸಲು, ಸೌದೆ ತರಲು, ದನ ಮೇಯಿಸಲು ಬಡವರು ಕಾಡಿಗೆ ಹೋಗುವುದೂ ಆಗಲೇ. ಇದು ದುಡಿಯುವವರ ಕಾಯಿಲೆ ಎನ್ನುವುದನ್ನು ನಾವು ಮರೆಯುತ್ತೇವೆ.

ದಶಕಗಳ ಕಾಲ ಕೊಡುತ್ತಿದ್ದ ಲಸಿಕೆಯ ಪರಿಣಾಮ ಸಾಲದೆಂದು ಕಂಡು, 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಈ ವೈರಸ್ಸನ್ನೇ ಕೊಲ್ಲುವ ಔಷಧಿಯೂ ಇಲ್ಲ. ಹಾಗಾಗಿ ಕಾಡಿಗೆ ಹೋಗುವ ಮುನ್ನ ಉಣುಗನ್ನು ದೂರವಿಡಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ, ಮೈತುಂಬ ಬಟ್ಟೆ ತೊಡಬೇಕು. ಮರಳಿದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿನಲ್ಲೇ ಒಗೆಯಬೇಕು. ಅನಂತರ ಜೋರು ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.