ಗಣಕಯಂತ್ರ ಕೊಳ್ಳುವ ಮುನ್ನ



ಅಡಿಕೆ ಸಸಿ ತರುವಾಗ ತಾಯಿಮರ ಯಾವ ತೋಟದ್ದು, ಇಳುವರಿ ಹೇಗೆ ಎಂದು ವಿಚಾರಿಸದೆ ನಮ್ಮಲ್ಲಿ ಯಾರೂ ದುಡ್ಡು ಬಿಚ್ಚುವುದಿಲ್ಲ. ಆದರೆ ಮಕ್ಕಳ ಓದಿಗೋ ತೋಟದ ಲೆಕ್ಕಕ್ಕೋ ಗಣಕಯಂತ್ರ ಕೊಳ್ಳುವಾಗ ಬೆಲೆಯೊಂದನ್ನೇ ಕೇಳುತ್ತೇವೆ. ಅದನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆ ಯಾವುದೆಂಬ ಆಯ್ಕೆಯನ್ನು ಅಂಗಡಿಯವರಿಗೇ ಬಿಟ್ಟುಬಿಡುತ್ತೇವೆ.

ಆಳುಗಳಿಗೆ ಕೆಲಸ ಹಂಚುವ ಮೇಸ್ತ್ರಿಯಿಲ್ಲದೆ ತೋಟ ನಡೆಯದು. ಯಂತ್ರದೊಳಗೆ ಆ ಕೆಲಸ ಮಾಡುವುದೇ ಕಾರ್ಯಾಚರಣ ವ್ಯವಸ್ಥೆ. ವಿಂಡೋಸ್ ಎಂಬುದು ಹೆಚ್ಚು ಬಳಕೆಯಲ್ಲಿರುವಂಥದು. ಲಿನಕ್ಸ್ ಎಂಬುದು 1991ರಲ್ಲಿ ಆರಂಭವಾದ, ಯಾರೂ ಉಚಿತವಾಗಿ ಬಳಸಬಹುದಾದಂಥದು.

ನಮ್ಮವರು ಕೊಳ್ಳುವುದು ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಥವಾ ಅಂತರ್ಜಾಲದ ಮಳಿಗೆಗಳಲ್ಲಿ. ಎಲ್ಲೇ ಆಗಲಿ, ಒಂದೇ ಬಗೆಯ ಯಂತ್ರಕ್ಕೆ ಎರಡು ಬೆಲೆ ಕಂಡರೆ ಕಾರಣ ಕೇಳಿರಿ. ದರಪಟ್ಟಿಯಲ್ಲಿ 'ಡಾಸ್' ಎಂದಿದ್ದರೆ ಅದರಲ್ಲಿ ವಿಂಡೋಸ್ ಇಲ್ಲವೆಂದೇ ಅರ್ಥ. ಅಂಥದಕ್ಕೆ ಕೆಲವು ಅಂಗಡಿಗಳಲ್ಲಿ ಪರವಾನಗಿಯಿಲ್ಲದ ನಕಲು ಪ್ರತಿಯನ್ನು 'ಸುಮ್ಮನೆ' ಹಾಕಿಕೊಡುವುದುಂಟು.

ಈ 'ಸುಮ್ಮನೆ'ಯ ಬೆಲೆ ನಮ್ಮ ಸಂಘಕ್ಕೆ ಗೊತ್ತಿದೆ. ಕೆಲವು ವರ್ಷಗಳ ಹಿಂದೆ ಅಂಗಡಿಯೊಂದರಿಂದ ತಂದ ಯಂತ್ರದಲ್ಲಿ ಇದ್ದುದು ನಕಲು ಪ್ರತಿ. ಕಾಫಿ ಕೊಯ್ಲಿನ ನಡುವೆ ವೈರಸ್ ಹೊಕ್ಕು ಸದಸ್ಯರ ಲೆಕ್ಕದ ಕಡತಗಳು ತೆರೆಯದಾದವು. ಹಳೆಯ ಲೆಡ್ಜರುಗಳನ್ನು ಬಿಚ್ಚಿ, ರಾತ್ರಿ ಕುಳಿತು ಮೊದಲಿನಿಂದ ಬರೆಯಬೇಕಾಯಿತು. ಆ ಸಲ ಪಾವತಿ ತಡವಾದುದಕ್ಕೆ ಸದಸ್ಯರಿಂದ ಮಾತು ಕೇಳಿದೆವು. ವಿಚಾರಿಸದೆ ಕೊಂಡ ತಪ್ಪು ನಮ್ಮದೇ.

ಹಳೆಯ ಯಂತ್ರ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರೂ ಒಂದು ಮಾತು ಗಮನಿಸಬೇಕು. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿ.ಬಿ. ರ‍್ಯಾಮ್ ಮತ್ತು ಟಿ.ಪಿ.ಎಂ. 2.0 ಎಂಬ ಭದ್ರತಾ ಏರ್ಪಾಡು ಬೇಕು. ಎಷ್ಟೋ ಹಳೆಯ ಯಂತ್ರಗಳಲ್ಲಿ ಇದಿಲ್ಲ.

ಹಾಗೆಂದು ಅವನ್ನೆಲ್ಲ ಗುಜರಿಗೆ ಹಾಕಬೇಕಾಗಿಲ್ಲ. ಪತ್ರ ಬರೆಯಲು, ಲೆಕ್ಕದ ಪಟ್ಟಿ ಮಾಡಲು, ಅಂತರ್ಜಾಲದಲ್ಲಿ ಧಾರಣೆ ನೋಡಲು ಲಿನಕ್ಸ್ ಸಾಕು. ಕನ್ನಡವೂ ಅದರಲ್ಲಿ ಚೆನ್ನಾಗಿ ಮೂಡುತ್ತದೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಇದರಲ್ಲಿಯೇ. ಉಬುಂಟು ಮೊದಲಾದ ಲಿನಕ್ಸ್ ಬಗೆಗಳನ್ನು ಪೆನ್ ಡ್ರೈವ್‌ನಿಂದಲೇ ನಡೆಸಿ, ಒಗ್ಗಿದರೆ ಮಾತ್ರ ಯಂತ್ರಕ್ಕೆ ಹಾಕಿಕೊಳ್ಳಬಹುದು. ಆದರೆ ಟ್ಯಾಲಿಯಂಥ ಲೆಕ್ಕದ ತಂತ್ರಾಂಶ ವಿಂಡೋಸ್‌ಗಾಗಿ ಮಾಡಿದ್ದು. ಅದು ಬೇಕೇಬೇಕೆನ್ನುವವರು ಪರವಾನಗಿಯ ಹಣ ಕೊಟ್ಟು ವಿಂಡೋಸನ್ನೇ ಕೊಳ್ಳುವುದು ಲೇಸು.

ಆದ್ದರಿಂದ ಮೊದಲು ಕೆಲಸ ಯಾವುದೆಂದು ನಿಶ್ಚಯಿಸಿರಿ, ಆಮೇಲೆ ಅಂಗಡಿಯ ಮೆಟ್ಟಿಲು ಹತ್ತಿರಿ. ಕಾರ್ಯಾಚರಣ ವ್ಯವಸ್ಥೆಯ ಹೆಸರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿರಿ. ಯಂತ್ರವನ್ನು ಅಲ್ಲಿಯೇ ಚಾಲೂ ಮಾಡಿಸಿ, ವಿಂಡೋಸ್ ಆದರೆ ಪರವಾನಗಿ ಸಕ್ರಿಯವಾಗಿದೆಯೇ ಎಂದು ನೋಡಿರಿ. ಲೆಕ್ಕದ ಕಡತಗಳ ಇನ್ನೊಂದು ಪ್ರತಿಯನ್ನು ವಾರಕ್ಕೊಮ್ಮೆಯಾದರೂ ಬೇರೆ ಕಡೆ ತೆಗೆದಿಡಿರಿ. ಸಂಶಯವಿದ್ದಲ್ಲಿ ಕೊಳ್ಳುವ ಮೊದಲು ದರಪಟ್ಟಿಯೊಡನೆ ಸಂಘದ ಕಛೇರಿಗೆ ಬನ್ನಿರಿ. ನಾವು ಪಟ್ಟ ಪಾಡು ನಿಮಗೆ ಬೇಡ.