ಬೇಡರ ಹೆಗಲಿನ ಹಗುರ ಬಂದೂಕು

ರಾಯಚೂರು ಜಿಲ್ಲೆಯ ಅರಕೇರಾ ಸೀಮೆಯಿಂದ ಹೊರಟು ತಿಂಥಣಿ ಸೇತುವೆಯ ಮೇಲೆ ಕೃಷ್ಣೆ ದಾಟಿದರೆ ಸುರಪುರದ ನಾಡು. ಅಲ್ಲಿನ ವಾಗಿನಗೇರಾ ಕೋಟೆಯ ಮುಂದೆ 1705ರ ಫೆಬ್ರುವರಿಯಲ್ಲಿ ಔರಂಗಜೇಬನ ಪಾಳೆಯ ಬಂದಿಳಿಯಿತು. ಎಂಬತ್ತು ದಾಟಿದ್ದ ಬಾದಶಹ ತಾನೇ ಮುಂದೆ ನಿಂತು ನಡೆಸಿದ ಕಡೆಯ ಮುತ್ತಿಗೆ ಅದು. ಒಳಗಿದ್ದವನು ಬೇಡರ ದೊರೆ ಪಿಡ್ಡನಾಯಕ. ಅವನ ಬಳಿಯೂ ತೋಪುಗಳಿದ್ದವು. ಆದರೆ ಹೆಸರಾದದ್ದು ಗುರಿ ತಪ್ಪದ ಅವನ ಬಂದೂಕುದಾರರು.

ಬೇಡರು ಮೊದಲು ಬೇಟೆಗಾರರು, ಆಮೇಲೆ ಸೈನಿಕರು. ಕಲ್ಲುಗುಡ್ಡ ಹತ್ತುವವನಿಗೆ ಆಯುಧದ ತೂಕ ಎಷ್ಟು ಮುಖ್ಯವೆಂಬುದು ದಿನವಿಡೀ ಅದನ್ನು ಹೊತ್ತು ತಿರುಗಿದವನಿಗೇ ಗೊತ್ತು. ಅಂದು ದಖನ್ನಿನಲ್ಲಿ ಬಳಕೆಯಲ್ಲಿದ್ದುದು ಬತ್ತಿಯ ಬಂದೂಕು. ಉದ್ದನೆಯ ಕಬ್ಬಿಣದ ನಳಿಗೆ, ಅದರಡಿಗೆ ತೆಳ್ಳಗೆ ಕೆತ್ತಿದ ಮರದ ಹಿಡಿ. ಎರಡನ್ನೂ ಕೂಡಿಸಲು ಮೊಳೆ, ತಿರುಪುಗಳ ಭಾರವಿಲ್ಲ. ತೊಗಲಿನ ಪಟ್ಟಿಯನ್ನೋ ತಂತಿಯನ್ನೋ ಬಿಗಿಯಾಗಿ ಸುತ್ತಿದರೆ ಸಾಕು. ಹೊತ್ತಿಸಿದ ಬತ್ತಿಯನ್ನು ಹಾವಿನಂತೆ ಬಾಗಿದ ಕೊಕ್ಕೆಗೆ ಸಿಕ್ಕಿಸಿ ಕೆಳಗಿನ ಕೀಲು ಎಳೆದರೆ, ಕೊಕ್ಕೆ ಬಾಗಿ ರಂಜಕಕ್ಕೆ, ಅಂದರೆ ಹೊತ್ತಿಸುವ ಪುಡಿಮದ್ದಿಗೆ, ಕಿಡಿ ಮುಟ್ಟಿಸುತ್ತಿತ್ತು. ಬದಿಯ ಸಣ್ಣ ತೂತಿನ ಮೂಲಕ ಬೆಂಕಿ ಒಳಗಿನ ಮದ್ದಿಗೆ ತಾಕಿ ಸೀಸದ ಗುಂಡು ಹಾರುತ್ತಿತ್ತು.

ನಿಜವಾದ ಕಸುಬುಗಾರಿಕೆ ಇದ್ದದ್ದು ನಳಿಗೆಯಲ್ಲಿ. ಕಬ್ಬಿಣದ ತಗಡನ್ನು ಮಡಿಚಿ ಅಂಚಿಗೆ ಅಂಚು ಬೆಸೆದರೆ ಮದ್ದಿನ ಒತ್ತಡಕ್ಕೆ ಬೆಸುಗೆಯೇ ಬಾಯಿ ಬಿಡುವುದುಂಟು. ಅಕ್ಬರನ ಕಾರ್ಖಾನೆಯಲ್ಲಿ ತಗಡನ್ನು ಸುರುಳಿ ಸುತ್ತಿ, ಕಾಸಿ ಬಡಿದು ನಳಿಗೆ ಮಾಡುತ್ತಿದ್ದುದನ್ನು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ವಿವರಿಸಿದ್ದಾನೆ. ಬೆಸುಗೆ ನೇರ ಗೀಟಾಗದೆ ಸುತ್ತಿಕೊಂಡು ಹೋಗುವುದರಿಂದ ಗೋಡೆ ತೆಳುವಾದರೂ ನಳಿಗೆ ತಡೆಯುತ್ತದೆ. ಕಬ್ಬಿಣ ಉಳಿದಷ್ಟೂ ಹೆಗಲು ಹಗುರ.

ಆದರೆ ಹಗುರಕ್ಕೂ ಬೆಲೆ ತೆರಬೇಕು. ಅದೇ ಮದ್ದು, ಅದೇ ಗುಂಡು ಇಟ್ಟು ಬಂದೂಕಿನ ತೂಕ ಅರ್ಧ ಮಾಡಿದರೆ ಅದು ಹಿಂದಕ್ಕೆ ಒದೆಯುವ ವೇಗ ಇಮ್ಮಡಿಯಾಗುತ್ತದೆ. ಇಂದು ಪರದೇಶಗಳಲ್ಲಿ ಪರ್ವತ ಬೇಟೆಗೆಂದೇ ಟೈಟಾನಿಯಂ, ಕಾರ್ಬನ್ ನಾರು ಬಳಸಿ ರೈಫಲ್ ಮಾಡಿಸಿಕೊಳ್ಳುವವರೂ ಈ ಲೆಕ್ಕದಿಂದ ಪಾರಾಗಿಲ್ಲ. ನಮ್ಮಲ್ಲಂತೂ ವನ್ಯಜೀವಿ ಕಾಯ್ದೆಯಿಂದಾಗಿ ಈಗ ಅಂಥ ಬೇಟೆಯ ಮಾತೇ ಇಲ್ಲ.

ವಾಗಿನಗೇರಾ ಏಪ್ರಿಲ್ 27ರಂದು ಬಿತ್ತು. ಬಿತ್ತು ಅನ್ನುವುದಕ್ಕಿಂತ ಬರಿದಾಯಿತು ಅನ್ನಬೇಕು: ಪಿಡ್ಡನಾಯಕ ತನ್ನವರೊಡನೆ ರಾತ್ರಿಯೇ ಜಾರಿಕೊಂಡಿದ್ದ. ಒಳಹೊಕ್ಕ ಮೊಗಲರಿಗೆ ಸಿಕ್ಕಿದ್ದು ಉರಿಯುವ ಮನೆಗಳು. ಬಾದಶಹ ಹತ್ತಿರದ ದೇವಾಪುರದಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟ, ಅಲ್ಲೇ ಕಾಯಿಲೆ ಬಿದ್ದ. 1707ರಲ್ಲಿ ಅಹಮದನಗರದಲ್ಲಿ ತೀರಿಕೊಂಡ.

ಬೇಡರ ಕೈಯಿಂದ ಬಂದೂಕು ಕಸಿಯುವುದು ಮೊಗಲರಿಂದ ಆಗಲಿಲ್ಲ, ಮುಂದೆ ಇಂಗ್ಲಿಷರ ಕಾನೂನಿನಿಂದ ಆಯಿತು. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಆಜ್ಞೆ ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಗೆ ಊರಿಗೆ ಬೆಂಕಿ ಬಿತ್ತು, ಡಿಸೆಂಬರಿನಲ್ಲಿ ಮುಖಂಡರು ಗಲ್ಲಿಗೇರಿದರು. ಮರುವರ್ಷ ಸುರಪುರದ ಬೇಡ ದೊರೆ ವೆಂಕಟಪ್ಪನಾಯಕನ ಬಂಡಾಯವೂ ಮುಗಿಯಿತು.

ಇದರ ಪಕ್ಕದಲ್ಲಿ ಕೊಡಗನ್ನು ಇಟ್ಟು ನೋಡಬೇಕು. ಹಲಗಲಿ ಉರಿದು ನಾಲ್ಕೇ ವರ್ಷಕ್ಕೆ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಕೋವಿ ಇಟ್ಟುಕೊಳ್ಳಲು ವಿನಾಯಿತಿ ಕೊಟ್ಟ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಅದು ಇಂದಿಗೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಅಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂ ಮುಡಿಸಿ ಪೂಜಿಸುತ್ತಾರೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಸುತ್ತಾರೆ. ಕೈ ಮತ್ತು ಕಣ್ಣಿನ ಪಳಗುವಿಕೆ ತಲೆಮಾರು ದಾಟಿ ಬಂದಿದೆ. ಕೃಷ್ಣೆಯ ದಂಡೆಯ ಬೇಡರಿಗೆ ಆ ರಿಯಾಯಿತಿ ಸಿಗಲಿಲ್ಲ. ಅವರ ಬಂದೂಕು ಉಳಿದದ್ದು ಲಾವಣಿಗಳಲ್ಲಿ.

ಹಳೇ ಬತ್ತಿಯ ಬಂದೂಕು ಈ ಸೀಮೆಯ ಯಾವುದಾದರೂ ವಾಡೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದರೆ ಗುಜರಿಗೆ ಹಾಕಬೇಡಿ. ಪುರಾತತ್ವ ಇಲಾಖೆಯವರ ಗಮನಕ್ಕೆ ತನ್ನಿ. ರಾಯಚೂರಿನ ವಸ್ತುಸಂಗ್ರಹಾಲಯದಲ್ಲಿ ಅದಕ್ಕೊಂದು ಜಾಗ ಸಿಗಲಿ.