ಕಿರ್ಯತ್ ಸೇಫೆರ್: ಗ್ರಂಥದ ಹೆಸರು ಹೊತ್ತ ಊರು

ಸೂರಃ ಅಲ್ ಜುಮುಅದ 5ನೇ ವಚನದಲ್ಲಿ ಒಂದು ಉಪಮೆ ಇದೆ. ತೌರಾತಿನ ಹೊಣೆ ವಹಿಸಲ್ಪಟ್ಟೂ ಅದನ್ನು ನಿರ್ವಹಿಸದವರನ್ನು ಅಲ್ಲಾಹನು ಗ್ರಂಥಗಳ ಹೊರೆ ಹೊತ್ತ ಕತ್ತೆಗೆ ಹೋಲಿಸಿದ್ದಾನೆ. ಕುರ್‌ಆನಿನಲ್ಲಿ ಗ್ರಂಥಗಳಿಗೆ ಸಾಮಾನ್ಯವಾಗಿ ಬರುವ ಪದ 'ಕುತುಬ್'. ಇಲ್ಲಿ ಮಾತ್ರ 'ಅಸ್ಫಾರ್' ಎಂದಿದೆ. ಇದರ ಏಕವಚನ 'ಸಿಫ್ರ್'. ಯಹೂದಿಗಳ ಹೀಬ್ರೂ ಭಾಷೆಯಲ್ಲಿ ಗ್ರಂಥಕ್ಕೆ 'ಸೇಫೆರ್' ಎನ್ನುತ್ತಾರೆ. ಅರಬಿ ಮತ್ತು ಹೀಬ್ರೂ ಒಂದೇ ಕುಟುಂಬದ ಭಾಷೆಗಳು.

ಈ ಪದವನ್ನು ತನ್ನ ಹೆಸರಿನಲ್ಲೇ ಇಟ್ಟುಕೊಂಡ ಒಂದು ಹಳೆಯ ಊರಿದೆ. ಅದೇ ಕಿರ್ಯತ್ ಸೇಫೆರ್. 'ಕಿರ್ಯಾ' ಎಂದರೆ ಊರು, ನಮ್ಮ ಅರಬಿಯ 'ಕರ್ಯ'ದ ಸಂಬಂಧಿ. ಮಕ್ಕಾವನ್ನು 'ಉಮ್ಮುಲ್ ಕುರಾ', ಅಂದರೆ ಊರುಗಳ ತಾಯಿ ಎನ್ನುವಾಗ ಬರುವುದು ಇದೇ ಪದದ ಬಹುವಚನ. ಆದ್ದರಿಂದ ಕಿರ್ಯತ್ ಸೇಫೆರ್ ಎಂದರೆ ಗ್ರಂಥದ ಊರು. ಹಿಂದೆ ಹೀಬ್ರೂವಿನಲ್ಲಿ ಸ್ವರಚಿಹ್ನೆಗಳನ್ನು ಬರೆಯುತ್ತಿರಲಿಲ್ಲ. ಹಾಗಾಗಿ ಅದೇ ಅಕ್ಷರಗಳನ್ನು 'ಸೋಫೇರ್', ಅಂದರೆ ಲಿಪಿಕಾರ ಎಂದೂ ಓದಬಹುದು. ಸೂರಃ ಅಬಸದ 15ನೇ ವಚನದ 'ಸಫರಃ' ಎಂಬ ಪದಕ್ಕೂ ಬರೆಯುವವರು ಎಂಬ ಅರ್ಥವನ್ನು ವ್ಯಾಖ್ಯಾನಕಾರರು ಕೊಟ್ಟಿದ್ದಾರೆ. ಬೈಬಲಿನ ಹಳೆಯ ಗ್ರೀಕ್ ಅನುವಾದದಲ್ಲಿ ಈ ಊರಿನ ಹೆಸರು 'ಅಕ್ಷರಗಳ ಪಟ್ಟಣ' ಎಂದಾಗಿದೆ.

ಊರಿನ ಕಥೆ ಯೆಹೋಶುವನ ಪುಸ್ತಕದ 15ನೇ ಅಧ್ಯಾಯದಲ್ಲಿದೆ. ಯೆಹೋಶುವ ಎಂದರೆ ನಾವು ಯೂಶಅ್ ಬಿನ್ ನೂನ್ ಎಂದು ಕರೆಯುವವರು. ಈ ಊರನ್ನು ಗೆದ್ದವನಿಗೆ ಮಗಳು ಅಕ್ಷಾಳನ್ನು ಮದುವೆ ಮಾಡಿಕೊಡುವುದಾಗಿ ಕಾಲೇಬನು ಘೋಷಿಸಿದನು. ಒತ್ನೀಯೇಲನು ಗೆದ್ದನು. ಅಕ್ಷಾ ತಂದೆಯ ಬಳಿ ಬಂದು, ಕೊಟ್ಟಿರುವುದು ಒಣಭೂಮಿ, ನೀರಿನ ಒರತೆಗಳನ್ನೂ ಕೊಡಬೇಕು ಎಂದು ಕೇಳಿದಳು. ತಂದೆ ಮೇಲಿನ ಒರತೆ, ಕೆಳಗಿನ ಒರತೆ ಎರಡನ್ನೂ ಕೊಟ್ಟನು. ಈ ಕಾಲೇಬ ನಮಗೆ ಅಪರಿಚಿತನಲ್ಲ. ಸೂರಃ ಅಲ್ ಮಾಇದದ 23ನೇ ವಚನದಲ್ಲಿ, ಧೈರ್ಯದಿಂದ ಮುನ್ನಡೆಯಿರಿ ಎಂದು ಜನರನ್ನು ಹುರಿದುಂಬಿಸಿದ ಇಬ್ಬರು ದೇವಭಕ್ತರ ಪ್ರಸ್ತಾಪವಿದೆ. ಕುರ್‌ಆನ್ ಅವರ ಹೆಸರು ಹೇಳಿಲ್ಲ. ಅವರು ಯೂಶಅ್ ಮತ್ತು ಕಾಲಿಬ್ ಎಂದು ಅನೇಕ ವ್ಯಾಖ್ಯಾನಕಾರರು ಬರೆದಿದ್ದಾರೆ.

ಈ ಊರು ಎಲ್ಲಿತ್ತು? ವಿಲಿಯಂ ಆಲ್ಬ್ರೈಟ್ ಎಂಬ ವಿದ್ವಾಂಸರು ತೆಲ್ ಬೈತ್ ಮಿರ್ಸಿಮ್ ಎಂಬ ದಿಬ್ಬವನ್ನು 1926ರಿಂದ 1932ರ ನಡುವೆ ಅಗೆಸಿ, ಇದೇ ಆ ಊರು ಎಂದರು. ಮುಂದೆ 1968-69ರಲ್ಲಿ ಮೋಶೆ ಕೊಖಾವಿ ಅವರು ಅಲ್ ಖಲೀಲ್ (ಹೆಬ್ರೋನ್) ನಗರದ ನೈರುತ್ಯಕ್ಕಿರುವ ಖಿರ್ಬತ್ ರಬೂದನ್ನು ಅಗೆಸಿದರು. ಇಂದು ಹೆಚ್ಚಿನ ವಿದ್ವಾಂಸರು ಎರಡನೆಯದನ್ನೇ ಒಪ್ಪುತ್ತಾರೆ. ಅದರ ಸಮೀಪದಲ್ಲಿ ಮೇಲೊಂದು, ಕೆಳಗೊಂದು ನೀರಿನ ಸೆಲೆಗಳಿರುವುದೂ ಇದಕ್ಕೆ ಒಂದು ಕಾರಣ. ಹೆಸರು ಗ್ರಂಥದ್ದು ಎಂದ ಮಾತ್ರಕ್ಕೆ ಅಲ್ಲಿ ದೊಡ್ಡ ಗ್ರಂಥಾಲಯವಿತ್ತು ಎಂದು ಹೇಳುವುದು ಸರಿಯಲ್ಲ. ಹೆಸರು ಬೇರೆ, ಪುರಾವೆ ಬೇರೆ.

ಈ ಊರಿಗೆ 'ದೆಬೀರ್' ಎಂಬ ಇನ್ನೊಂದು ಹೆಸರೂ ಇತ್ತು. ಕಿರ್ಯತ್ ಸೇಫೆರ್ ಅದರ ಹಿಂದಿನ ಹೆಸರು ಎಂದು ಬೈಬಲ್ ಹೇಳುತ್ತದೆ. ಸುಲೈಮಾನ್(ಅ)ರ ಆರಾಧನಾಲಯದ ಅತ್ಯಂತ ಒಳಗಿನ ಕೋಣೆಗೂ ಹೀಬ್ರೂವಿನಲ್ಲಿ ಇದೇ ಪದ. ಅರಬಿಯಲ್ಲಿ ದ-ಬ-ರ ಎಂಬ ಮೂಲಾಕ್ಷರಗಳಿಂದ ಹಿಂಬದಿ ಎಂಬರ್ಥದ 'ದುಬುರ್' ಬರುತ್ತದೆ. 'ತದಬ್ಬುರ್' ಕೂಡ ಅದರಿಂದಲೇ. ಮಾತಿನ ಹಿಂದೆ ಏನಿದೆ, ಅದು ಎಲ್ಲಿಗೆ ಒಯ್ಯುತ್ತದೆ ಎಂದು ಆಳವಾಗಿ ಚಿಂತಿಸುವುದೇ ತದಬ್ಬುರ್. ಸೂರಃ ಮುಹಮ್ಮದ್‌ನ 24ನೇ ವಚನ, ಜನರು ಕುರ್‌ಆನಿನಲ್ಲಿ ತದಬ್ಬುರ್ ಮಾಡುವುದಿಲ್ಲವೇ, ಅವರ ಹೃದಯಗಳಿಗೆ ಬೀಗ ಬಿದ್ದಿದೆಯೇ ಎಂದು ಪ್ರಶ್ನಿಸುತ್ತದೆ.

ಕತ್ತೆಯ ಉಪಮೆ ಯಹೂದಿಗಳಿಗೆ ಮಾತ್ರ ಎಂದು ನಾವು ನೆಮ್ಮದಿಯಿಂದಿರುವಂತಿಲ್ಲ. ಗ್ರಂಥ ಹೊತ್ತು ಅದರಂತೆ ನಡೆಯದ ಪ್ರತಿಯೊಬ್ಬರಿಗೂ ಅದು ಅನ್ವಯಿಸುತ್ತದೆ ಎಂದು ವಿದ್ವಾಂಸರು ಎಚ್ಚರಿಸಿದ್ದಾರೆ. ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಎತ್ತರದ ಕಪಾಟಿನಲ್ಲಿಟ್ಟ ಮುಸ್ಹಫ್ ಎಷ್ಟು ಮನೆಗಳಲ್ಲಿಲ್ಲ? ಮಗು ಖತಮ್ ಮುಗಿಸಿದ ದಿನ ಸಿಹಿ ಹಂಚುತ್ತೇವೆ, ಆದರೆ ಓದಿದ್ದರ ಅರ್ಥವೇನೆಂದು ಕೇಳುವುದಿಲ್ಲ. ಗೌರವ ಬೇಕು, ತಿಲಾವತ್ ಬೇಕು. ಅವುಗಳ ಜೊತೆಗೆ ಅರ್ಥವೂ ಬೇಕು. ಅಕ್ಷಾಳಿಗೆ ಭೂಮಿ ಸಿಕ್ಕಿತ್ತು, ಆದರೂ ನೀರಿಲ್ಲದ ಭೂಮಿ ಸಾಲದು ಎಂದು ಅವಳಿಗೆ ಗೊತ್ತಿತ್ತು. ಪ್ರತಿ ಜುಮುಅ ದಿನ ಮನೆಮಂದಿ ಜೊತೆಗೆ ಕುಳಿತು ಒಂದೇ ಒಂದು ವಚನವನ್ನು ಕನ್ನಡ ಅನುವಾದದೊಂದಿಗೆ ಓದಿದರೂ ವರ್ಷಕ್ಕೆ ಐವತ್ತಕ್ಕೂ ಹೆಚ್ಚು ವಚನಗಳಾಗುತ್ತವೆ. ಈ ವಾರ ಅಲ್ ಜುಮುಅದ 5ನೇ ವಚನದಿಂದಲೇ ಆರಂಭಿಸೋಣ.